ಎರಡನೆಯ ಹಗ್ಗ

ಕುರಿದಡ್ಡಿಯ ಬಾಗಿಲ ಗೂಟಕ್ಕೆ ಅಣ್ಣ ಎರಡು ಹಗ್ಗ ಕಟ್ಟಿದ್ದ. ಅದರಲ್ಲಿ ಒಂದನ್ನು ತೆಗೆದುಕೊಂಡು ಹೋದವಳು ನಾನು. ಆವತ್ತೇ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆಗ ನನ್ನ ಮಗಳು ಎದೆಹಾಲು ಕುಡಿಯುವ ಕೂಸು. ಈಗ ಅವಳು ಐರೋಲಿಯ ಒಂದು ಆಫೀಸಿಗೆ ಹೋಗಿ ಬರುತ್ತಾಳೆ. ನಡುವಿನ ಇಷ್ಟೂ ವರ್ಷ ನಾನು ಬಾಯಿ ತೆರೆಯಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಔಷಧದ ಬಾಟಲಿಗಳಿಗೆ ಮುಚ್ಚಳ ಹಾಕುವ ಕೆಲಸ ನನ್ನದು. ಬರೆದು ರೂಢಿಯಿಲ್ಲ. ಆದರೆ ಅಣ್ಣ ಎಂಥವನು ಎಂದು ತಿಳಿಯದೆ ಆ ಒಂದು ಹಗ್ಗ ತೆಗೆದದ್ದು ಎಷ್ಟು ದೊಡ್ಡದು ಎಂದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಮೊದಲು ಅವನ ಮಾತು.

ನಮ್ಮದು ವಿಜಯಪುರ ಕಡೆಯ ಕುರುಬರ ಮನೆ. ಅಣ್ಣ ಹರೆಯದಲ್ಲಿ ಕುರಿ ತುಂಬಿದ ಲಾರಿಯ ಜೊತೆ ಕಲ್ಯಾಣಕ್ಕೆ ಬಂದ. "ಕುರಿ ಇಳಿದವು, ಇವರೂ ಇಳಿದರು, ಮತ್ತ ಲಾರಿ ಹತ್ತಾಕ ಮರತರು" ಎಂದು ನಮ್ಮ ವೈನಿ, ಅಂದರೆ ಅವನ ಹೆಂಡತಿ, ಈಗಲೂ ಆಡಿಕೊಳ್ಳುತ್ತಾಳೆ. ಕಲ್ಯಾಣದ ಒಬ್ಬ ವ್ಯಾಪಾರಿ, ಎಲ್ಲರೂ ಶೇಠ್ ಅನ್ನುತ್ತಾರೆ, ಅವನಿಗೆ ಮೊದಲ ಕೆಲಸ ಕೊಟ್ಟರು. ಶಿಳ್ ರಸ್ತೆಯ ಕಡೆ ಶೇಠರದು ಒಂದು ದೊಡ್ಡ ಜಾಗ. ಲಾರಿಯಿಂದ ಇಳಿದ ಕುರಿಗಳನ್ನು ಮಾರುವವರೆಗೆ ಅಲ್ಲಿ ಕೂಡಿಹಾಕಬೇಕು. ಬಕ್ರೀದ್ ಬಂದಾಗ ಮುಂಬ್ರಾ, ಕಲ್ಯಾಣ, ನವಿ ಮುಂಬೈಯ ಮೈದಾನಗಳಲ್ಲಿ, ಸೊಸೈಟಿಗಳ ಅಂಗಳದಲ್ಲಿ ಹಬ್ಬದ ಮಟ್ಟಿಗೆ ದಡ್ಡಿ ಹಾಕಿಕೊಡಬೇಕು. ಬಿದಿರು, ಗೂಟ, ಹಗ್ಗ, ತಂತಿ, ಗೋಣಿಚೀಲ, ಇಷ್ಟೇ ಸಾಮಾನು. ಇದು ಅಣ್ಣನ ಕೆಲಸ.

ನೋಡಿದರೆ ಅವನು ಕುರಿ ಕೆಲಸದವನ ಹಾಗೆ ಕಾಣುವುದೇ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಗೆ ಪೌಡರ್, ಹಿಂದಿನ ಕಿಸೆಯಲ್ಲಿ ಬಾಚಣಿಗೆ. ದಡ್ಡಿ ಹಾಕುವ ಜಾಗಕ್ಕೆ ಹೋದ ಕೂಡಲೆ ಕಿಸೆಯಿಂದ ಒಂದು ಮೊಳೆ ತೆಗೆದು ಹತ್ತಿರದ ಮರಕ್ಕೋ ಕಂಬಕ್ಕೋ ಹೊಡೆಯುತ್ತಾನೆ. ಅಂಗಿ ಬಿಚ್ಚಿ, ಕೊಡವಿ, ಅದಕ್ಕೆ ತೂಗುಹಾಕುತ್ತಾನೆ. ಆಮೇಲೆ ಬನಿಯನ್ ಮೇಲೆ ಕೆಲಸ. ಸಂಜೆ ಕೈಕಾಲು ತೊಳೆದು, ಅಂಗಿ ತೊಟ್ಟು, ತಲೆ ಬಾಚಿಕೊಂಡು ಹೊರಬಿದ್ದರೆ ಯಾವುದೋ ಮದುವೆಗೆ ಬಂದವನ ಹಾಗೆ. ಒಮ್ಮೆ ಮುಂಬ್ರಾದಲ್ಲಿ ಹೊಸ ಗಿರಾಕಿಯೊಬ್ಬ ಅವನನ್ನೇ ವ್ಯಾಪಾರಿ ಎಂದು ತಿಳಿದು ಟಗರಿನ ದರ ಕೇಳಿದನಂತೆ. ಅಣ್ಣ ಗಂಭೀರವಾಗಿ ಟಗರಿನ ಹಲ್ಲು ತೋರಿಸಿ, ಬೆನ್ನು ಮುಟ್ಟಿಸಿ, ದರವನ್ನೂ ಹೇಳಿ, ಕೊನೆಗೆ "ಮಾಲಕ್ ಒಳಗ ಅದಾರ, ಅವರನ್ನೂ ಒಂದ್ ಮಾತು ಕೇಳ್ರಿ" ಅಂದ. ಶೇಠ್ ಆ ದರಕ್ಕೇ ಕೊಡಬೇಕಾಯಿತು.

ದಡ್ಡಿಯ ವಿಷಯಕ್ಕೆ ಮಾತ್ರ ಅವನಿಗೆ ತಮಾಷೆ ಇಲ್ಲ. ಅವನು ಹೇಳುವುದು, ಕುರಿ ಸಾಯುವುದು ತೋಳದಿಂದಲ್ಲ, ಕುರಿಯಿಂದ. ಬೆದರಿದ ಹಿಂಡು ಮೂಲೆಗೆ ನುಗ್ಗುತ್ತದೆ, ಒಂದರ ಮೇಲೊಂದು ಏರುತ್ತದೆ, ಕೆಳಗೆ ಸಿಕ್ಕದ್ದಕ್ಕೆ ಉಸಿರು ಇರುವುದಿಲ್ಲ. ಆದ್ದರಿಂದ ಅವನ ದಡ್ಡಿಗೆ ಮೂಲೆಯೇ ಇಲ್ಲ, ರೊಟ್ಟಿಯ ಹಾಗೆ ದುಂಡಗೆ. ಬಾಗಿಲು ಒಳಗೆ ತೆರೆಯಬೇಕು, ಕುರಿಗಳು ಒತ್ತಿದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ತಂತಿಯ ತುದಿ ಹೊರಗೆ ಬಗ್ಗಿಸಬೇಕು. ಬಲೆ ಕಟ್ಟಬಾರದು, ಕೊಂಬು ಸಿಕ್ಕಿಕೊಳ್ಳುತ್ತದೆ. ನೆಲದ ಮೇಲಿನ ಪ್ಲಾಸ್ಟಿಕ್ ಚೀಲವನ್ನೆಲ್ಲ ತಾನೇ ಆರಿಸುತ್ತಾನೆ. ಬಾಗಿಲ ಗೂಟ ವಾಲದ ಹಾಗೆ ಅದಕ್ಕೆ ಎರಡು ಹಗ್ಗ. ಯಾಕೆ ಎರಡು ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಒಂದು ಕುರಿಗೆ, ಒಂದು ಹೆದರಿಕಿಗೆ." ಸುಮ್ಮನೆ ನಿಂತ ಕುರಿಗೆ ಒಂದು ಹಗ್ಗ ಸಾಕು. ಹೆದರಿದ ಕುರಿಗೆ ಸಾಲದು.

ಈ ಮಾತನ್ನು ನಾನು ನೂರು ಸಲ ಕೇಳಿದ್ದೆ. ಕೇಳಿಯೂ ತೆಗೆದೆ.

ಅವನಿಗೆ ಊರೆಲ್ಲ ದಡ್ಡಿಯ ಹಾಗೆಯೇ ಕಾಣುತ್ತದೆ. ಒಮ್ಮೆ ಮಗಳ ಕನ್ನಡಕಕ್ಕೆಂದು ನಾವು ಡೊಂಬಿವಲಿಯಿಂದ ಠಾಣೆಯ ನೌಪಾಡಾಕ್ಕೆ ಹೊರಟಿದ್ದೆವು. ಬೆಳಗಿನ ಗದ್ದಲ. ಪ್ಲಾಟ್‌ಫಾರ್ಮಿನ ಮೇಲೆ ನಾನು ಜಿನೆಯ, ಅಂದರೆ ಮೆಟ್ಟಿಲಿನ, ಪಕ್ಕದ ಸಂದಿಯಲ್ಲಿ ನಿಂತಿದ್ದೆ. ಅಣ್ಣ ನನ್ನ ರಟ್ಟೆ ಹಿಡಿದು ಎಳೆದ.

"ಅದು ಮೂಲಿ ಐತಿ, ಅಲ್ಲಿ ನಿಲ್ಲಬ್ಯಾಡ. ಗಾಡಿ ಬಂದ ಕೂಡಲೆ ಮಂದಿ ಅಲ್ಲೇ ಒತ್ತತೈತಿ."

"ನಾ ಏನ ಕುರಿ ಏನೋ?"

"ಕುರಿ ಆಗಿದ್ದರ ಹೇಳೂ ಮೊದಲ ಸರೀತಿತ್ತು."

ಗಾಡಿಯೊಳಗೆ ಹೊಕ್ಕ ಮೇಲೆ ಕೈ ಆಡಿಸಲೂ ಜಾಗವಿಲ್ಲ. ಯಾರದೋ ಬ್ಯಾಗ್ ಅವನ ಬಿಳಿ ಅಂಗಿಗೆ ಒತ್ತುತ್ತಿತ್ತು. ಅವನು ಪಕ್ಕದವನಿಗೆ ಹಿಂದಿಯಲ್ಲಿ ಹೇಳಿದ: "ಭಾಯಿ, ನಾನು ಬಕ್ರೀದಿಗೆ ಟಗರಿಗೂ ಇದಕ್ಕಿಂತ ಜಾಸ್ತಿ ಜಾಗ ಕೊಡ್ತೀನಿ." ಆ ಮನುಷ್ಯ, "ಟಗರಿಗೆ ಒಂದೇ ಸಲ ಹೋಗೋದು ಇರ್ತದೆ ಮಾಮಾ, ನಮಗೆ ದಿನಾ" ಅಂದ. ಸುತ್ತಲಿನವರು ನಕ್ಕರು. ಠಾಣೆ ಬರುವವರೆಗೆ ಅಣ್ಣ ಆ ಮಾತನ್ನೇ ನೆನೆಸಿ ತಲೆದೂಗುತ್ತಿದ್ದ. ತನಗಿಂತ ಚಲೋ ಮಾತಾಡುವವರು ಸಿಕ್ಕರೆ ಅವನಿಗೆ ಖುಷಿ.

ಸೋಲುವುದೂ ಅವನಿಗೆ ಬರುತ್ತದೆ. ಕಲ್ಯಾಣದ ಒಂದು ಸೊಸೈಟಿಯಲ್ಲಿ ದಡ್ಡಿ ಹಾಕಲು ಹೋದಾಗ ಅಲ್ಲಿನ ಸೆಕ್ರೆಟರಿ, ವಯಸ್ಸಾದ ಗೃಹಸ್ಥರು, ಪಾರ್ಕಿಂಗಿನ ಗೆರೆಯೊಳಗೇ ಇರಬೇಕು, ಚೌಕ ಇರಬೇಕು ಎಂದು ಹಟ ಹಿಡಿದರು. ಅಣ್ಣ ದುಂಡಗೇ ಬೇಕು ಎಂದ. ಇಬ್ಬರೂ ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಬರೆದರು, ಅಳಿಸಿದರು. ಕೊನೆಗೆ ಸೆಕ್ರೆಟರಿ ಅವನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, ಮೇಲೆ ಹಾಸಿಗೆ ಹಿಡಿದ ಒಬ್ಬರಿದ್ದಾರೆ, ಆಂಬುಲೆನ್ಸ್ ತಿರುಗಲು ಇಷ್ಟೇ ಜಾಗ ಇರುವುದು ಎಂದು ತೋರಿಸಿದರು. ಅಣ್ಣ ಚೌಕ ದಡ್ಡಿ ಹಾಕಿದ. ಮೂಲೆಗಳಿಗೆಲ್ಲ ಮರಳಿನ ಚೀಲ ಒಟ್ಟಿ ಅಲ್ಲಿ ಕುರಿ ನಿಲ್ಲದ ಹಾಗೆ ಮಾಡಿದ. ಮನೆಗೆ ಬಂದು, "ಅವರು ಹೇಳಿದ್ದೂ ಖರೇನ ಐತಿ. ಅವರದೂ ಒಂದು ದಡ್ಡಿ, ಅವರೂ ಕಾಯಬೇಕಲ್ಲ" ಅಂದ. ಮುಂದಿನ ವರ್ಷ ಸೆಕ್ರೆಟರಿ ತಾವೇ ಫೋನ್ ಮಾಡಿ ಕರೆದರು. ಮರಳಿನ ಚೀಲ ಮೊದಲೇ ತರಿಸಿಟ್ಟಿದ್ದರು.

ಇನ್ನು ಆ ದಿನದ ಮಾತು.

ಆಗ ನಾವು, ನಾನು ನನ್ನ ಗಂಡ, ಶೇಠರ ಜಾಗದ ಹಿಂದೆಯೇ ಒಂದು ತಗಡಿನ ಖೋಲಿಯಲ್ಲಿ ಇದ್ದೆವು. ಗಂಡ ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಬಕ್ರೀದ್ ಹತ್ತಿರ ಬಂದಿತ್ತು. ದಡ್ಡಿಯ ತುಂಬ ಟಗರು. ಮಗಳನ್ನು ನೆಲದ ಮೇಲೆ ಮಲಗಿಸಿದರೆ ಇರುವೆ ಕಚ್ಚುತ್ತಿದ್ದವು. ಮೈಯೆಲ್ಲ ಕೆಂಪು. ಸೀರೆಯ ತೊಟ್ಟಿಲು ಕಟ್ಟಬೇಕೆಂದರೆ ಮೇಲಿನ ಅಡ್ಡ ಪೈಪಿಗೆ ಹಗ್ಗ ಬೇಕು, ಮನೆಯಲ್ಲಿ ಹಗ್ಗವಿಲ್ಲ. ಮಧ್ಯಾಹ್ನ ಅಣ್ಣ ಮೇವು ತರಲು ಹೋಗಿದ್ದ. ನಾನು ಕೂಸನ್ನು ಎತ್ತಿಕೊಂಡು ಹೊರಗೆ ಬಂದೆ. ದಡ್ಡಿಯ ಬಾಗಿಲ ಗೂಟ ಕಣ್ಣಿಗೆ ಬಿತ್ತು. ಒಂದರ ಕೆಳಗೆ ಒಂದು ಎರಡು ಹಗ್ಗ. ಟಗರುಗಳು ಮೆಲುಕು ಹಾಕುತ್ತ ಮಲಗಿದ್ದವು. ಹೆದರಿಕೆ ಎಲ್ಲಿದೆ, ಒಂದು ಸಾಕು, ಸಂಜೆ ಅಣ್ಣನಿಗೆ ಹೇಳಿ ಇನ್ನೊಂದು ಕಟ್ಟಿಸಿದರಾಯಿತು ಅಂದುಕೊಂಡೆ. ತೆಗೆದುಕೊಂಡು ಬಂದು ತೊಟ್ಟಿಲು ಕಟ್ಟಿದೆ. ಮಗಳು ತೂಗುವ ಮೊದಲೇ ನಿದ್ದೆ ಹೋದಳು.

ಸಂಜೆಯವರೆಗೆ ಕಾಯಬೇಕಾಗಲಿಲ್ಲ. ರಸ್ತೆಯ ಮೇಲೆ ಯಾರದೋ ಮದುವೆಯ ಅರಿಶಿಣದ ಮೆರವಣಿಗೆ ಬಂತು. ಬೆಂಜೋ, ದೊಡ್ಡ ಡೋಲು, ಪಟಾಕಿ. ಟಗರುಗಳೆಲ್ಲ ಒಮ್ಮೆಲೆ ಎದ್ದು ಬಾಗಿಲಿನ ಕಡೆ ನುಗ್ಗಿದವು. ಗೂಟ ವಾಲಿತು, ಮುರಿಯಿತು, ಬಾಗಿಲು ಅದರ ಜೊತೆ ಬಿತ್ತು. ಮುಂದಿನವು ಬಿದ್ದವು, ಹಿಂದಿನವು ಅವುಗಳ ಮೇಲೆ ಹಾದು ರಸ್ತೆಗೆ ಹೋದವು. ಅಣ್ಣ ಮೇವಿನ ಟೆಂಪೋದಿಂದ ಹಾರಿ, ಮೈಮೇಲಿನ ಬಿಳಿ ಅಂಗಿ ಕಿತ್ತು, ಅದನ್ನು ಬೀಸುತ್ತ ಡಂಪರುಗಳ ಎದುರು ಓಡಿದ. ರಸ್ತೆಯ ಮೇಲೆ ಒಂದು ಟಗರೂ ಸಾಯಲಿಲ್ಲ. ಆದರೆ ಬಾಗಿಲಲ್ಲಿ ತುಳಿತಕ್ಕೆ ಸಿಕ್ಕ ಕೆಲವು ಏಳಲಿಲ್ಲ.

ಶೇಠ್ ಬೈಯಲಿಲ್ಲ. "ಕೈಸೇ ಖುಲಾ?" ಅಂತ ಅಷ್ಟೇ ಕೇಳಿದರು, ಹೇಗೆ ಬಿಚ್ಚಿಕೊಂಡಿತು ಎಂದು. ಅಣ್ಣ ಬಿದ್ದ ಬಿದಿರುಗಳನ್ನು ನೋಡಿದ, ತನ್ನ ಎರಡೂ ಅಂಗೈ ನೋಡಿಕೊಂಡ. "ಗಂಟು ನಂದೇ ಜಾರಿರಬೇಕು" ಅಂದ. ನಾನು ಖೋಲಿಯ ಬಾಗಿಲಲ್ಲಿ ನಿಂತು ಕೇಳಿದೆ. ಒಳಗೆ ತೊಟ್ಟಿಲು ಇನ್ನೂ ಸಣ್ಣಗೆ ತೂಗುತ್ತಿತ್ತು.

ಆ ಸಂಜೆ ಅವನು ನಮ್ಮ ಖೋಲಿಗೆ ಬಂದ. ಟಗರುಗಳನ್ನು ತಡೆಯುವಾಗ ಗಾಯವಾದ ಕೈಗೆ ಪಟ್ಟಿ ಸುತ್ತಿಕೊಂಡಿದ್ದ. ಇನ್ನೊಂದು ಕೈಯಿಂದ ತೊಟ್ಟಿಲು ತೂಗುತ್ತ ಕುಳಿತ. ಹಗ್ಗ ಅವನ ಮೂಗಿನ ಮುಂದೆಯೇ ಇತ್ತು. ನೀಲಿ ನೈಲಾನ್ ಹಗ್ಗ, ಎಲ್ಲರ ಮನೆಯಲ್ಲೂ ಅಂಥದೇ. ನಾನು ಚಹಾ ಮಾಡಿಕೊಟ್ಟೆ. ಹೇಳಲಿಲ್ಲ.

ಅದಾದ ಮೇಲೆ ಅವನು ಹೊಸ ಪದ್ಧತಿ ಶುರುಮಾಡಿದ. ದಡ್ಡಿ ಕಟ್ಟಿ ಮುಗಿದ ಮೇಲೆ ಒಳಗೆ ಹೊಕ್ಕು, ಬಾಗಿಲು ಹಾಕಿಸಿಕೊಂಡು, ಕೂಸಿನ ಹಾಗೆ ಅಂಬೆಗಾಲಿಟ್ಟು ಸುತ್ತ ತಿರುಗುತ್ತಾನೆ. ಕುರಿಯ ಎತ್ತರದಿಂದ ನೋಡಬೇಕು ಎನ್ನುತ್ತಾನೆ. ಪ್ರತಿ ಸಂದಿಗೂ ತಲೆ ಹಾಕುತ್ತಾನೆ: "ನನ್ನ ತಲಿ ಹಾದರ ಟಗರಿನ ತಲಿ ಹಾಯ್ತೈತಿ." ಪ್ರತಿ ಗಂಟನ್ನೂ ಕೈಯಿಂದ ಎಳೆಯುತ್ತಾನೆ, ಆಮೇಲೆ ಹಲ್ಲಿನಿಂದ ಎಳೆಯುತ್ತಾನೆ. ಭುಜದಿಂದ ಬಿದಿರಿಗೆ ಗುದ್ದುತ್ತಾನೆ. ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು ತಿರುಗು ಮುರುಗು. ಕಾಂಕ್ರೀಟ್ ಇರಲಿ, ಕಲ್ಲುಪುಡಿ ಇರಲಿ, ಡಾಂಬರಿರಲಿ. ಸೊಸೈಟಿಯ ಮಕ್ಕಳು ಸುತ್ತ ನೆರೆದು ಬ್ಯಾ ಅನ್ನುತ್ತಾರೆ. ಅವನೂ ಒಳಗಿನಿಂದ ಬ್ಯಾ ಅನ್ನುತ್ತಾನೆ. ಮರಾಠಿಯವರು ಅವನಿಗೆ ರಾಂಗಣಾರಾ ಮಾಮಾ ಎಂದು ಹೆಸರಿಟ್ಟರು, ಅಂಬೆಗಾಲಿಡುವ ಮಾಮಾ ಎಂದು. ಆ ಹೆಸರು ಕಲ್ಯಾಣದಿಂದ ನವಿ ಮುಂಬೈವರೆಗೆ ಹೋಯಿತು. ರಾಂಗಣಾರಾ ಮಾಮಾನ ದಡ್ಡಿ ಅಂದರೆ ಆ ದಡ್ಡಿಯ ಕುರಿಗೆ ಏನೂ ಆಗುವುದಿಲ್ಲ ಎಂದೇ ಅರ್ಥ. ಏನೂ ಆಗಲೂ ಇಲ್ಲ.

ನಾನೂ ನಕ್ಕೆ. ಅವನು ಮೊಳಕಾಲಿನ ಮಣ್ಣು ಕೊಡವಿಕೊಂಡು ಅಂಗಿ ತೊಡುವುದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕೆ. ಅಷ್ಟೇ ಅಲ್ಲ, ನೋಡು, ನಾನು ಹೇಳದೆ ಇದ್ದದ್ದರಿಂದಲೇ ಅವನಿಗೆ ಇಷ್ಟು ಹೆಸರು ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ವರ್ಷ ಅದನ್ನು ನಂಬಿದೆ ಕೂಡ. ಆದರೆ ಒಂದು ಮಾತು ನನಗೆ ಮಾತ್ರ ಗೊತ್ತಿತ್ತು. ಮೊದಲು ಅವನು ತನ್ನ ಅಂಗಿ, ತನ್ನ ಕ್ರಾಪು, ತನ್ನ ಗಂಟು, ಈ ಮೂರನ್ನೂ ಹೊಗಳಿಕೊಳ್ಳುತ್ತಿದ್ದ. ಆಮೇಲೆ ಎರಡನ್ನು ಮಾತ್ರ ಹೊಗಳಿಕೊಳ್ಳುತ್ತಿದ್ದ.

ನಾವು ಡೊಂಬಿವಲಿಗೆ ಮನೆ ಬದಲಿಸಿದಾಗ ಮೊದಲು ಬಂದವನು ಅವನೇ. ಮೂರನೇ ಮಾಳಿಗೆ, ಸಣ್ಣ ಗ್ಯಾಲರಿ, ಅದಕ್ಕೆ ಕಬ್ಬಿಣದ ಸಳಿ. ಮಗಳು ಆಗ ಓಡಾಡುತ್ತಿದ್ದಳು. ಅಣ್ಣ ಮೊಳಕಾಲೂರಿ ಒಂದೊಂದೇ ಸಂದಿಗೆ ತಲೆ ಹಾಕಿ ನೋಡಿದ. ಒಂದು ಸಂದಿಯಲ್ಲಿ ತಲೆ ಹೋಯಿತು, ವಾಪಸ್ ಬರಲಿಲ್ಲ. ಕಿವಿ ಅಡ್ಡ. ಕೆಳಗೆ ತರಕಾರಿ ಗಾಡಿಯ ಹೆಂಗಸು ಮೇಲೆ ನೋಡಿ, "ಕಾಯ್ ಮಾಮಾ, ಕಾಯ್ ಪಾಹಿಜೇ?" ಎಂದು ಕೇಳಿದಳು. ಏನು ಬೇಕು ಮಾಮಾ ಎಂದು. ಅವನು ಅಲ್ಲಿಂದಲೇ "ಮೆಂತ್ಯ ಎಷ್ಟಕ್ಕ ಕೊಡ್ತಿ?" ಅಂದ. ನಾನು ಎಣ್ಣೆ ಹಚ್ಚಿ ತಲೆ ಬಿಡಿಸಿದ ಮೇಲೆ ಆ ಸಂದಿಗೆ ಬಿದಿರಿನ ಪಟ್ಟಿ ಕಟ್ಟಿದ, ಎರಡೂ ಕಡೆ ಎರಡೆರಡು ಹಗ್ಗ. ಮಗಳು ಈಗಲೂ ಆ ಪಟ್ಟಿಗೇ ಬಟ್ಟೆ ಒಣಹಾಕುತ್ತಾಳೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅಣ್ಣ ಕನ್ನಡದಲ್ಲಿ ಗದರುತ್ತಾನೆ, ಅವಳು ಮರಾಠಿಯಲ್ಲಿ ವಾದಿಸುತ್ತಾಳೆ, ಇಬ್ಬರಿಗೂ ಎಲ್ಲ ತಿಳಿಯುತ್ತದೆ.

ದೀಪಾವಳಿಯ ಪಾಡ್ಯದ ದಿನ ಅವನು ಶೇಠರ ಜಾಗದಲ್ಲಿ ಹಟ್ಟಿ ಪೂಜೆ ಮಾಡುತ್ತಾನೆ. ಖಾಲಿ ದಡ್ಡಿಯ ನಡುವೆ ಸಗಣಿಯ ಕುಳ್ಳು ಉರಿಸಿ, ಹೊಸ ಗಡಿಗೆಯಲ್ಲಿ ಹಾಲು ಉಕ್ಕಿಸುವುದು. ಹಾಲು ಮೂಡಲಿಗೆ ಉಕ್ಕಿದರೆ ಕುರಿಗಳಿಗೆ ಒಳ್ಳೆಯದು ಎಂದು ನಮ್ಮವರ ನಂಬಿಕೆ. ಪ್ರತಿ ವರ್ಷವೂ ಮೂಡಲಿಗೇ ಉಕ್ಕುತ್ತದೆ. ಒಮ್ಮೆ ನಾನು ಗಡಿಗೆಯ ಹಿಂದೆ ಬಗ್ಗಿ ನೋಡಿದೆ. ಪಡುವಲ ಕಡೆಯ ಕಲ್ಲಿನ ಕೆಳಗೆ ಒಂದು ಸಣ್ಣ ಹೆಂಚಿನ ಚೂರು ಇಟ್ಟಿದ್ದ, ಗಡಿಗೆ ಮೂಡಲಿಗೆ ವಾಲಿತ್ತು.

"ಇದೇನೋ ಅಣ್ಣಾ?"

"ಸುಮ್ಮನಿರು. ದೇವರಿಗೆ ದಾರಿ ಗೊತ್ತಿರತೈತಿ, ಹಾಲಿಗೆ ಗೊತ್ತಿರೂದಿಲ್ಲ."

ಹೀಗೆ ನಗುತ್ತಲೇ ವರ್ಷಗಳು ಹೋದವು. ಆದರೆ ಮೊಳಕಾಲು ನಗಲಿಲ್ಲ. ಮೊದಲು ಜಿನೆ ಇಳಿಯುವಾಗ ನೋವು ಅಂದ. ಆಮೇಲೆ ನೆಲಕ್ಕೆ ಕೂತು ಉಣ್ಣುವುದು ಬಿಟ್ಟ. ಮಗಳು ಅವನನ್ನು ಡೊಂಬಿವಲಿಯ ಒಬ್ಬ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಎಕ್ಸರೇ ಫೋಟೋ ನೋಡಿ, "ಕಾಕಾ, ನೀವು ಏನು ಟೈಲ್ಸ್ ಹಾಕುವ ಕೆಲಸದವರಾ?" ಎಂದು ಕೇಳಿದರಂತೆ. ಅಣ್ಣ ತನ್ನ ಕೆಲಸ ಹೇಳಿದ. ಇನ್ನು ಮೊಳಕಾಲೂರಲೇಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಮನೆಗೆ ಬಂದು ಅವನು ಮೊಳೆಯನ್ನು ಕಿಸೆಯಿಂದ ತೆಗೆದು ವೈನಿಯ ಕೈಗೆ ಕೊಟ್ಟ: "ಇಕಾ, ಕ್ಯಾಲೆಂಡರ್ ಹಾಕು." ಅಷ್ಟೇ. ಕೆಲಸ ಬಿಟ್ಟ.

ಈ ವರ್ಷ ಬಕ್ರೀದಿಗೆ ಮೊದಲು, ಒಂದು ರವಿವಾರ, ನಾನು ಅವನ ಮನೆಯಲ್ಲಿದ್ದಾಗ ಶೇಠ್ ತಾವೇ ಬಂದರು. ಅವರಿಗೂ ಈಗ ವಯಸ್ಸಾಗಿದೆ. ವರ್ಷಗಟ್ಟಲೆ ನಮ್ಮ ಕಡೆಯ ಸಂತೆಗಳಲ್ಲಿ ಕುರಿ ಕೊಂಡು ಕೊಂಡು ನಮ್ಮ ಕನ್ನಡ ಕಲಿತಿದ್ದಾರೆ. ಸಣ್ಣವರು ದೊಡ್ಡವರು ಎಲ್ಲರಿಗೂ ನೀನು ಅನ್ನುವುದೊಂದು ಬಿಟ್ಟರೆ ಚಲೋ ಮಾತಾಡುತ್ತಾರೆ.

"ಮಾಮಾ, ನೀನು ಏನೂ ಮಾಡಬ್ಯಾಡ. ಕುರ್ಚಿ ಹಾಕ್ತೀನಿ, ಕೂಡು, ಕೈ ಮಾಡಿ ತೋರ್ಸು. ಗಂಟು ಅಷ್ಟೇ ನೀನು ಹಾಕು. ಹುಡುಗರ ಗಂಟು ನೋಡಿದ್ರೆ ನಂಗೆ ನಿದ್ದಿ ಬರಲ್ಲ."

"ಆಗೂದಿಲ್ಲ ಶೇಠ್."

"ಯಾಕೆ ಆಗಲ್ಲ? ಕೈ ಚಲೋ ಐತಲ್ಲ ನಿಂದು?"

"ಕಟ್ಟಿದ ಮ್ಯಾಲೆ ಹೊಕ್ಕು ನೋಡಬೇಕು. ಹೊಕ್ಕು ನೋಡಾಕ ಮೊಳಕಾಲಿಲ್ಲ."

"ನೋಡಬ್ಯಾಡ. ನೀನು ಕಟ್ಟಿದ್ದು ನೋಡೋದು ಏನೈತಿ?"

ಅಣ್ಣ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ: "ನಿಮಗ ನನ್ನ ಗಂಟಿನ ಮ್ಯಾಲೆ ನಂಬಿಕಿ ಐತಿ ಶೇಠ್. ನನಗಿಲ್ಲ. ಒಮ್ಮೆ ಜಾರೇತಿ ಅದು. ಮುಂದ ನಿಂತಿದ್ದ ಟಗರುಗಳ ಮಾರಿ ನನಗ ಇನ್ನೂ ಕಾಣತಾವ."

ಶೇಠ್, ಸಂಜೆಗೆ ಫೋನ್ ಮಾಡು ಎಂದು ಹೇಳಿ, ಅವನ ಭುಜ ತಟ್ಟಿ ಎದ್ದು ಹೋದರು.

ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಎಲ್ಲ ಕೇಳಿದೆ. ಅವನ ಹೆಸರಿಗೆ ನಾನೇ ಕಾರಣ ಎಂದು ಇಷ್ಟು ದಿನ ಹೇಳಿಕೊಂಡವಳಿಗೆ ಆಗ ಕಣ್ಣು ತೆರೆಯಿತು. ಕಲ್ಯಾಣದಿಂದ ನವಿ ಮುಂಬೈವರೆಗೆ ಎಲ್ಲರೂ ನಂಬುವ ಕೈಯನ್ನು ಅವನೊಬ್ಬನೇ ನಂಬುತ್ತಿರಲಿಲ್ಲ. ಇನ್ನೂ ಸುಮ್ಮನಿದ್ದರೆ ಅವನು ಅದೇ ಅಪನಂಬಿಕೆ ಹೊತ್ತುಕೊಂಡು ಮನೆಯಲ್ಲಿ ಕೂರುತ್ತಾನೆ. ವೈನಿ ಹಿಟ್ಟು ನಾದುತ್ತಿದ್ದಳು. ನಾನು ಹೊರಗೆ ಬಂದೆ. ಅವನು ಮಂಚದ ಮೇಲೆ ಕಾಲು ಚಾಚಿ ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಅಣ್ಣಾ, ಆ ಗಂಟು ಜಾರಿದ್ದಿಲ್ಲ."

"ಯಾವ ಗಂಟು?"

"ಶೇಠರ ಜಾಗಾದಾಗ. ನನ್ನ ಮಗಳು ಕೂಸಿದ್ದಾಗ. ಆ ಹಗ್ಗ ನಾ ಒಯ್ದಿದ್ದೆ. ತೊಟ್ಟಿಲ ಕಟ್ಟಾಕ."

ಎಣ್ಣೆ ಹಚ್ಚುವ ಕೈ ನಿಂತಿತು. ಅವನು ಬೈಯುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ.

"ಮ್ಯಾಲಿಂದೋ, ಕೆಳಗಿಂದೋ?"

"ಕೆಳಗಿಂದು."

"ಹ್ಯಾಂಗ ಬಿಚ್ಚಿದಿ?"

"ಬಿಚ್ಚಾಕ ಬರಲಿಲ್ಲ. ಉಗುರು ಹಾಕಿದೆ, ಹಲ್ಲು ಹಾಕಿದೆ. ಕಡೀಕ ಈಳಿಗಿ ತಂದು ಕೊಯ್ದೆ. ಗಂಟು ಗೂಟಕ್ಕ ಹಂಗ ಉಳದಿತ್ತು. ಗಲಾಟಿಯಾಗ ಯಾರೂ ನೋಡಲಿಲ್ಲ. ಮುರದ ಬಿದಿರಿನ ಸಂಗಾಟ ಟೆಂಪೋದಾಗ ಹೋತು."

"ಹಲ್ಲು ಹಾಕಿದರೂ ಬರಲಿಲ್ಲ?"

"ಇಲ್ಲ."

ಅವನು ಅಡಿಗೆಮನೆಯ ಕಡೆ ತಿರುಗಿದ. "ಏ, ಕೇಳಿದೇನ? ಹಲ್ಲು ಹಾಕಿದಳಂತ. ಬಿಚ್ಚಲಿಲ್ಲಂತ."

ವೈನಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. "ಕೇಳಿದೆ. ಗಂಟಿನ ಸುದ್ದಿ ಆಮ್ಯಾಲ ಹಚ್ಚಿರಿ. ಇಷ್ಟ ವರ್ಷ ನಿಮ್ಮ ಮೊಳಕಾಲಿಗೆ ಬಿಸಿನೀರು ಕಾಸಿದಾಕಿ ನಾನು. ಆಕೀನ ಕೇಳ್ರಿ, ಯಾಕ ಹೇಳಲಿಲ್ಲಂತ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅಣ್ಣ ನನ್ನ ಕಡೆ ನೋಡಿದ. "ಯಾಕ ಹೇಳಲಿಲ್ಲ?"

"ಮೊದಲ ಅಂಜಿಕಿ ಆತು. ಶೇಠ್ ಏನಂತಾರೋ, ನಮ್ಮವರು ಏನಂತಾರೋ ಅಂತ. ಆಮ್ಯಾಲ ನಾಚಿಕಿ. ಆಮ್ಯಾಲ ರೂಢಿನ ಆತು."

ಅವನು ಬಹಳ ಹೊತ್ತು ತನ್ನ ಮೊಳಕಾಲುಗಳನ್ನೇ ನೋಡಿದ. ಅಲ್ಲಿ ಚರ್ಮ ಕಪ್ಪಾಗಿ, ದಪ್ಪಗೆ, ಚಪ್ಪಲಿಯ ಅಟ್ಟೆಯ ಹಾಗಾಗಿದೆ. ನನಗೆ ಅಲ್ಲಿಂದ ಹೊರಟುಹೋಗಬೇಕು ಅನಿಸಿತು, ಹೋಗಲಿಲ್ಲ. ಆಮೇಲೆ ಅವನು ಎಣ್ಣೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಫೋನ್ ತೆಗೆದ.

"ಶೇಠ್, ಕುರ್ಚಿ ಹಾಕ್ರಿ, ಬರ್ತೀನಿ. ಹ್ಞಾಂ. ಇಲ್ಲ, ಹೊಕ್ಕು ನೋಡೂದಿಲ್ಲ. ಹುಡುಗರು ಗಳ ಹಿಡೀಲಿ, ಗಂಟು ನಾ ಹಾಕ್ತೀನಿ. ಯಾಕ ಅಂತ ಏನು ಕೇಳ್ತೀರಿ, ಬಾಗಿಲ ಗೂಟಕ್ಕ ಕೈಯಾಡಿಸೂ ಮಂದಿ ಇದ್ದರ ಮೊದಲ ದೂರ ನಿಲ್ಲಸ್ರಿ, ಅಷ್ಟ ಸಾಕು." ಹೀಗೆ ಹೇಳಿ ನನ್ನ ಕಡೆ ಕಣ್ಣು ಹೊಡೆದ. ಫೋನ್ ಇಟ್ಟ ಮೇಲೆ ಗೋಡೆಯ ಕನ್ನಡಿಯಲ್ಲಿ ಬಗ್ಗಿ ನೋಡಿ ಕ್ರಾಪು ಸರಿಮಾಡಿಕೊಂಡ. ವೈನಿ ಏನೋ ಗೊಣಗುತ್ತ ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಬೇಕಾದ್ದಕ್ಕಿಂತ ಜೋರಾಗಿತ್ತು.

"ಮತ್ಯಾಕ ಅಳತಿ? ಹೇಳಿದ್ಯಲ್ಲ, ಮುಗೀತು" ಅಂದ.

ಮುಗಿದಿರಲಿಲ್ಲ. ಇಷ್ಟು ಹೊತ್ತು ನಾನು ನಡೆದದ್ದನ್ನು ಹೇಳಿದ್ದೆನೇ ಹೊರತು ಕೇಳಬೇಕಾದ್ದನ್ನು ಕೇಳಿರಲಿಲ್ಲ. ಮಂಚದ ಮುಂದೆ ನೆಲಕ್ಕೆ ಕುಳಿತು ಅವನ ಎರಡೂ ಮೊಳಕಾಲು ಹಿಡಿದುಕೊಂಡೆ. ವೈನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

"ಈ ಮೊಳಕಾಲು ಸವೆಸಿದಾಕಿ ನಾನು, ಅಣ್ಣಾ. ತಪ್ಪಾತು. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ."